ಹಳೆ ಪಿಲ್ಲರ್ ಡ್ರಿಲ್ಲಿಂಗ್ ಮಷಿನ್: ಕೊಳ್ಳುವುದು, ಸುಧಾರಿಸುವುದು, ಮಾರುವುದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಒಂದು ಶೆಡ್ ಬಾಗಿಲು ಹಾಕಿದರೆ ಅಲ್ಲಿನ ಹಳೆ ಯಂತ್ರಗಳು ಗುಜರಿ ಅಂಗಡಿ ಸೇರುತ್ತವೆ. ಅಲ್ಲಿ ಮೂಲೆಯಲ್ಲಿ ನಿಂತ ಡ್ರಿಲ್ಲಿಂಗ್ ಮಷಿನ್ ಕಂಡವರು ಓದುಗರಲ್ಲಿ ಬಹಳ ಮಂದಿ. ಅವರು ಕೇಳುವುದು ಹೆಚ್ಚುಕಡಿಮೆ ಒಂದೇ: ಇದನ್ನು ತಂದು ಸರಿಮಾಡಿ ಮಾರಿದರೆ ಗಿಟ್ಟುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಗಿಟ್ಟುತ್ತದೆ, ಆದರೆ ಎಲ್ಲ ಮಷಿನ್ನೂ ಅಲ್ಲ. ಕೊಳ್ಳುವವನು ದುಡ್ಡು ಕೊಡುವುದು ಸ್ಪಿಂಡಲ್ ನೆಟ್ಟಗೆ ತಿರುಗುವುದಕ್ಕೆ, ಮೇಲಿನ ಬಣ್ಣಕ್ಕಲ್ಲ. ನಮ್ಮ ಕಡೆ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲ ವಾರವೇ ಬಣ್ಣ ಬಳಿದು, ಬೇರಿಂಗ್ ಕಡೆ ನೋಡದೆ ಮಾರಾಟಕ್ಕೆ ಇಡುತ್ತಾರೆ. ಕೆಲಸ ಬಲ್ಲ ಗಿರಾಕಿ ಬಂದು ಚಕ್, ಅಂದರೆ ಡ್ರಿಲ್ ಕಚ್ಚಿ ಹಿಡಿಯುವ ಬಾಯಿ, ಹಿಡಿದು ಒಮ್ಮೆ ಅಲ್ಲಾಡಿಸಿ ವಾಪಸ್ ಹೋಗುತ್ತಾನೆ. ಆದ್ದರಿಂದ ಈ ಲೇಖನದಲ್ಲಿ ಸ್ಪಿಂಡಲ್ಲಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಬಣ್ಣಕ್ಕೆ ಕಡಿಮೆ.

ಹೊಸಬರಿಗಾಗಿ ಕೆಲವು ಹೆಸರು ಮೊದಲೇ ಹೇಳಿಬಿಡುತ್ತೇನೆ. ನೆಲಕ್ಕೆ ಕೂರುವ ಬುಡ ಬೇಸ್. ಅದರ ಮೇಲೆ ನಿಂತ ದುಂಡು ಕಂಬ ಪಿಲ್ಲರ್. ಕೆಲಸದ ತುಂಡು ಇಡುವ ತಟ್ಟೆ ಟೇಬಲ್. ಮೇಲಿನ ಭಾರದ ಭಾಗ ಹೆಡ್. ಹ್ಯಾಂಡಲ್ ತಿರುಗಿಸಿದಾಗ ಹೆಡ್ಡಿನಿಂದ ಕೆಳಗಿಳಿಯುವ ಉಕ್ಕಿನ ಕೊಳವೆ ಕ್ವಿಲ್. ಅದರೊಳಗೆ ಬೇರಿಂಗ್‌ಗಳ ಮೇಲೆ ತಿರುಗುವ ದಂಡ ಸ್ಪಿಂಡಲ್. ಸ್ಪಿಂಡಲ್ ತಿರುಗುವಾಗ ನಡುಗೆರೆಯಿಂದ ಪಕ್ಕಕ್ಕೆ ಸರಿದರೆ ಅದಕ್ಕೆ ‘ಔಟ್’ ಅನ್ನುತ್ತಾರೆ. ಜೋಡಣೆ ಸಡಿಲವಾಗಿ ಅಲ್ಲಾಡಿದರೆ ಅದು ‘ಪ್ಲೇ’.

1. ಕೊಳ್ಳುವ ಮೊದಲು ನೋಡಬೇಕಾದದ್ದು

ಬೆಲೆ ಮಾತಾಡುವ ಮೊದಲು ಹೆಡ್ ನೋಡಿ. ಹಳೆ ಮಷಿನ್ನಿನ ಹೆಡ್, ಟೇಬಲ್, ಬೇಸ್ ಎಲ್ಲವೂ ಬೀಡಿನವು, ಅಂದರೆ ಎರಕದ ಕಬ್ಬಿಣದವು. ಬೀಡು ತುಕ್ಕಿಗೆ ಹೆದರುವುದಿಲ್ಲ, ಪೆಟ್ಟಿಗೆ ಹೆದರುತ್ತದೆ. ಎತ್ತಿ ಹಾಕಿದಾಗ ಸೀಳಿರಬಹುದು, ಆಮೇಲೆ ಯಾರೋ ಪುಟ್ಟಿ ಮೆತ್ತಿ ಮುಚ್ಚಿರಬಹುದು. ಅನುಮಾನ ಬಂದ ಕಡೆ ಗ್ರೀಸು ಒರೆಸಿ, ಚಿಮಣಿ ಎಣ್ಣೆ ಸವರಿ, ಕೆಲವು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಟೇಬಲ್ಲಿನ ಅಂಚಿನಲ್ಲಿ ಸೀಳಿದ್ದರೆ ಹಿತ್ತಾಳೆ ಬೆಸುಗೆಯಿಂದಲೋ ನಿಕ್ಕಲ್ ರಾಡಿನಿಂದಲೋ ಸರಿಹೋಗುತ್ತದೆ. ಹೆಡ್ಡಿನಲ್ಲಿ ಕ್ವಿಲ್ ಹಿಡಿಯುವ ಗೋಡೆಯೇ ಸೀಳಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ.

ಎರಡನೆಯದು ಕ್ವಿಲ್. ಹ್ಯಾಂಡಲ್ ಎಳೆದು ಕ್ವಿಲ್ಲನ್ನು ಎರಡು ಮೂರು ಇಂಚು ಕೆಳಗಿಳಿಸಿ, ಚಕ್ ಹಿಡಿದು ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಗಟ್ಟಿಯಾಗಿ ತಳ್ಳಿ. ಅಲ್ಲಾಡಿದರೆ ಯಾವುದು ಅಲ್ಲಾಡುತ್ತಿದೆ ಎಂದು ಸೂಕ್ಷ್ಮವಾಗಿ ನೋಡಬೇಕು. ಕ್ವಿಲ್ ನಿಂತಲ್ಲೇ ನಿಂತು ಒಳಗಿನ ಸ್ಪಿಂಡಲ್ ಮಾತ್ರ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಅದು ಸಣ್ಣ ಖರ್ಚು. ಕ್ವಿಲ್ಲೇ ಹೆಡ್ಡಿನೊಳಗೆ ಲೊಡಲೊಡ ಅಂದರೆ ಹೆಡ್ಡಿನ ರಂಧ್ರ ಸವೆದಿದೆ. ಕ್ವಿಲ್ಲಿಗೆ ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡ್ ಮಾಡಿಸಬಹುದು, ಆದರೆ ಮಾರುವ ಉದ್ದೇಶದ ಮಷಿನ್ನಿಗೆ ಆ ಖರ್ಚು ಹುಟ್ಟುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ‘ಬೇರಿಂಗ್ ಹಾಕಿದರೆ ಆಯಿತು’ ಎಂದು ಕೊಂಡವರೇ ಹೆಚ್ಚು ನಷ್ಟ ಮಾಡಿಕೊಳ್ಳುವುದು.

ಉಳಿದದ್ದು ಬೇಗ ನೋಡಬಹುದು. ಕ್ವಿಲ್ಲಿನ ಹಲ್ಲುಗಳು ಮುರಿದಿವೆಯೇ, ಪುಲ್ಲಿಗಳು ಒಡೆದಿವೆಯೇ, ಪಿಲ್ಲರ್ ಬಾಗಿದೆಯೇ, ಬೆಲ್ಟಿನ ಗಾರ್ಡ್ ಇದೆಯೇ, ಹೆಸರಿನ ಫಲಕ ಇದೆಯೇ. ಟೇಬಲ್ ಮೇಲೆ ನಾಲ್ಕಾರು ತೂತು ಬಿದ್ದಿರುವುದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಮೋಟಾರ್ ಸುಟ್ಟಿದ್ದರೂ ಚಿಂತೆಯಿಲ್ಲ. ಬೆಲೆ ಇಳಿಸಲು ಅದೇ ಒಳ್ಳೆ ಕಾರಣ.

ಹೆಸರಿನ ಬಗ್ಗೆಯೂ ಕೇಳುತ್ತಾರೆ. ನಮ್ಮ ಕಡೆ ಸಿಗುವ ಹಳೆ ಡ್ರಿಲ್‌ಗಳಲ್ಲಿ ರಾಜಕೋಟ್, ಬಟಾಲಾ, ಲುಧಿಯಾನಾ ಕಡೆಯವು ಸಾಮಾನ್ಯ. ಅಪರೂಪಕ್ಕೆ ಮೆಡ್ಡಿಂಗ್ಸ್, ಫೋಬ್ಕೋ ಮುಂತಾದ ಇಂಗ್ಲೆಂಡಿನ ಮಷಿನ್ ಕಾಣಿಸಬಹುದು. ಹೆಸರು ದೊಡ್ಡದಿದ್ದರೆ ಬೀಡು ಚೆನ್ನಾಗಿರುತ್ತದೆ ನಿಜ, ಆದರೆ ಇಲ್ಲಿ ಹಳೆ ಯಂತ್ರವನ್ನು ಸಂಗ್ರಹಕ್ಕೆಂದು ಕೊಳ್ಳುವವರು ಕಡಿಮೆ. ಗಿರಾಕಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ತೂತು ಕೊರೆಯುವ ಮಷಿನ್. ಹೆಸರಿಗಾಗಿ ಹೆಚ್ಚು ಕೊಡಬೇಡಿ.

ಕೊಂಡಿದ್ದಕ್ಕೆ ರಸೀದಿ ಕೇಳಿ. ಗುಜರಿ ಅಂಗಡಿಯವರು ಚೀಟಿ ಬರೆದುಕೊಟ್ಟರೂ ಸಾಕು. ತಾರೀಖು, ಮಷಿನ್ನಿನ ಹೆಸರು, ನಂಬರ್ ಇರಲಿ. ಕದ್ದ ಮಾಲಿನ ಪ್ರಶ್ನೆ ಮುಂದೆ ಎದ್ದರೆ ನಿಮ್ಮ ಕೈಯಲ್ಲಿರುವುದು ಅದೊಂದೇ.

2. ಮನೆಗೆ ತರುವುದು

ಡ್ರಿಲ್ಲಿಂಗ್ ಮಷಿನ್ನಿನ ಭಾರವೆಲ್ಲ ಮೇಲಿರುತ್ತದೆ. ನಿಲ್ಲಿಸಿ ಟಾಟಾ ಏಸ್‌ನಲ್ಲಿ ಹಗ್ಗ ಬಿಗಿದು ತಂದರೆ ಮೊದಲ ತಿರುವಿನಲ್ಲೇ ಉರುಳುವ ಅಪಾಯ. ಹೆಡ್, ಟೇಬಲ್ ಬಿಚ್ಚಿ ಬೇರೆ ಬೇರೆ ತನ್ನಿ. ಬಿಚ್ಚಲು ಆಗದಿದ್ದರೆ ಪಿಲ್ಲರ್ ಬೆನ್ನು ಕೆಳಗೆ ಮಾಡಿ, ಹಳೆ ಟಯರ್ ಮೇಲೆ ಮಲಗಿಸಿ ತನ್ನಿ. ಕ್ವಿಲ್ ಹ್ಯಾಂಡಲ್ ಹಿಡಿದು ಎತ್ತಬೇಡಿ. ಎತ್ತುವಾಗ ಹಗ್ಗ ಹೆಡ್ಡಿಗೆ ಬೀಳಲಿ, ಪುಲ್ಲಿಗೆ ಬೀಳಬಾರದು.

3. ಬಿಚ್ಚುವುದು

ಸ್ಪ್ಯಾನರ್ ಹಿಡಿಯುವ ಮೊದಲು ನಾಲ್ಕೂ ದಿಕ್ಕಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚುತ್ತ ಹೋದಂತೆ ಪ್ರತಿ ಹಂತಕ್ಕೂ ಒಂದು. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಒಂದೊಂದು ಭಾಗದ್ದು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೀಟಿ ಬರೆದಿಡಿ. ಮೊದಲು ತೆಗೆದ ಫೋಟೋಗಳು ಮಾರುವಾಗಲೂ ಬೇಕಾಗುತ್ತವೆ.

ಬಿಗಿಯಾದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಡಿ. ತಲೆ ಮುರಿದ ಬೋಲ್ಟ್ ತೆಗೆಯಲು ಹಿಡಿಯುವ ಹೊತ್ತು ಒಂದು ರಾತ್ರಿಗಿಂತ ಹೆಚ್ಚು. ನೂಲು, ಅಂದರೆ ಬೋಲ್ಟಿನ ಸುತ್ತು, ಯಾವುದೆಂದು ಗೇಜಿನಲ್ಲಿ ನೋಡಿ. ಹಳೆ ಇಂಗ್ಲಿಷ್ ಮಷಿನ್ನಿನಲ್ಲಿ ವಿಟ್‌ವರ್ತ್ ನೂಲು ಇರುತ್ತದೆ, ಅದರ ಕೋನ 55 ಡಿಗ್ರಿ. ಮೆಟ್ರಿಕ್ ನೂಲಿನದು 60. ನಾಲ್ಕು ಸೂತಿನ, ಅಂದರೆ ಅರ್ಧ ಇಂಚಿನ, ಬೋಲ್ಟ್ ಇದ್ದ ಕಡೆ 12 ಮಿ.ಮೀ. ಬೋಲ್ಟ್ ಹೆಚ್ಚುಕಡಿಮೆ ಹೋದಂತೆ ಕಾಣುತ್ತದೆ. ಜೋರು ಮಾಡಿ ತಿರುವಿದರೆ ಬೀಡಿನೊಳಗಿನ ನೂಲು ಕಿತ್ತುಬರುತ್ತದೆ.

ಇನ್ನು ಗಾಯ ಮಾಡುವ ಮೂರು ಕಡೆಗಳನ್ನು ಹೇಳಲೇಬೇಕು.

ಹ್ಯಾಂಡಲ್ಲಿನ ಎದುರು ಬದಿಯಲ್ಲಿ ಒಂದು ದುಂಡು ಡಬ್ಬಿ ಇರುತ್ತದೆ. ಅದರೊಳಗೆ ಸುರುಳಿ ಸುತ್ತಿದ ಪಟ್ಟಿ ಸ್ಪ್ರಿಂಗ್ ಇದೆ. ಕ್ವಿಲ್ಲನ್ನು ತಾನಾಗಿ ಮೇಲೆತ್ತುವುದು ಅದೇ. ನಟ್ಟು ತೆಗೆದು ಡಬ್ಬಿ ಎಳೆದರೆ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಬೆರಳು ಕೊಯ್ಯುತ್ತದೆ. ಕ್ವಿಲ್ ಪೂರ್ತಿ ಮೇಲಿರಲಿ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿ, ನಟ್ಟು ಸ್ವಲ್ಪವೇ ಸಡಿಲಿಸಿ, ಡಬ್ಬಿಯನ್ನು ಗಟ್ಟಿಯಾಗಿ ಹಿಡಿದು ಒಂದೊಂದೇ ಕಚ್ಚು ಹಿಂದೆ ಬಿಡುತ್ತ ಬಿಗಿ ಇಳಿಸಿ.

ಸ್ಪ್ರಿಂಗ್ ತೆಗೆದ ಮೇಲೆ ಕ್ವಿಲ್ಲನ್ನು ಹಿಡಿದಿರುವುದು ಹ್ಯಾಂಡಲ್ಲಿನ ಹಲ್ಲುಚಕ್ರ ಮಾತ್ರ. ಅದನ್ನು ಎಳೆದ ಕೂಡಲೇ ಕ್ವಿಲ್ ಸ್ಪಿಂಡಲ್ ಸಮೇತ ಕೆಳಗೆ ಬೀಳುತ್ತದೆ. ಮೊದಲೇ ಟೇಬಲ್ ಮೇಲೆತ್ತಿ ಕಟ್ಟಿಗೆ ತುಂಡು ಕೊಟ್ಟಿರಿ. ಮೂರನೆಯದು ಹೆಡ್: ಅದರ ಬಿಗಿ ಬೋಲ್ಟ್ ಸಡಿಲಿಸಿದರೆ ಪಿಲ್ಲರ್ ಮೇಲೆ ಜಾರಿ ಇಳಿಯುತ್ತದೆ. ಚೈನ್ ಬ್ಲಾಕ್ ಇದ್ದರೆ ಸರಿ, ಇಲ್ಲದಿದ್ದರೆ ಇಬ್ಬರು ಹಿಡಿಯಲೇಬೇಕು.

ಚಕ್ ತೆಗೆಯಲು ಸ್ಪಿಂಡಲ್ಲಿನಲ್ಲಿ ಅಡ್ಡ ಸೀಳು ಇದೆಯೇ ನೋಡಿ. ಇದ್ದರೆ ಅದಕ್ಕೆ ಡ್ರಿಫ್ಟ್, ಅಂದರೆ ಚಪ್ಪಟೆ ಬೆಣೆ, ತೂರಿಸಿ ಸುತ್ತಿಗೆಯಿಂದ ತಟ್ಟಿ. ಸೀಳಿಲ್ಲದಿದ್ದರೆ ಚಕ್ ಹಿಂದೆ ಜೋಡಿ ಬೆಣೆ ಹೊಡೆಯಬೇಕು, ಅಥವಾ ಅದು ನೂಲಿನ ಮೇಲೆ ಕೂತಿರಬಹುದು. ಪೈಪ್ ರೆಂಚ್ ಹಾಕಿ ಸ್ಪಿಂಡಲ್ ಮೈ ಕಚ್ಚಿಸಬೇಡಿ.

4. ತುಕ್ಕು ತೆಗೆಯುವುದು

ಗ್ರೈಂಡರ್ ಹಿಡಿದು ಉಜ್ಜುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಟೇಬಲ್ಲಿನ ಮುಖ, ಪಿಲ್ಲರ್, ಕ್ವಿಲ್ ಇವುಗಳ ಮೇಲೆ ಗ್ರೈಂಡರ್ ಡಿಸ್ಕ್ ತಾಗಿಸಲೇಬೇಡಿ. ಅವು ಅಳತೆಗೆ ಗ್ರೈಂಡ್ ಮಾಡಿದ ಮೈಗಳು. ಒಮ್ಮೆ ತಗ್ಗು ಬಿದ್ದರೆ ತುಂಬಲಾಗದು. ಎಣ್ಣೆ ಹಾಕಿ, ಬ್ಲೇಡಿನಿಂದ ಮಟ್ಟಸವಾಗಿ ಕೆರೆದು, ಆಮೇಲೆ 400ರ ಎಮರಿ ಪೇಪರನ್ನು ಚಪ್ಪಟೆ ಕಟ್ಟಿಗೆಗೆ ಸುತ್ತಿ ಉಜ್ಜಿ. ಕಪ್ಪು ಕಲೆ ಉಳಿದರೆ ಉಳಿಯಲಿ. ಕೈಗೆ ನುಣುಪಾಗಿ ಹತ್ತಿದರೆ ಸಾಕು.

ಸಣ್ಣ ಭಾಗಗಳಿಗೆ ನಾನು ಹೆಚ್ಚು ಮೆಚ್ಚುವುದು ವಿದ್ಯುತ್ ತೊಟ್ಟಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, 10 ಲೀಟರಿಗೆ ಸುಮಾರು 50 ಗ್ರಾಂ ಬಟ್ಟೆ ತೊಳೆಯುವ ವಾಷಿಂಗ್ ಸೋಡಾ ಕರಗಿಸಿ. ಒಂದು ಬದಿಗೆ ಬೇಡವಾದ ಕಬ್ಬಿಣದ ತಗಡು ನಿಲ್ಲಿಸಿ 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಪಾಸಿಟಿವ್ ತಂತಿಯನ್ನು ಅದಕ್ಕೆ ಕೊಡಿ. ತುಕ್ಕು ಹಿಡಿದ ಭಾಗ ಎರಡನೆಯ ಬದಿಗೆ, ನೆಗೆಟಿವ್ ತಂತಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆದು ನೈಲಾನ್ ಬ್ರಷ್‌ನಲ್ಲಿ ತಿಕ್ಕಿದರೆ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ. ಒಳಗಿನ ಒಳ್ಳೆ ಕಬ್ಬಿಣ ಕರಗುವುದಿಲ್ಲ, ಇದೇ ಇದರ ದೊಡ್ಡ ಗುಣ. ತಂತಿ ಅದಲುಬದಲಾದರೆ ಮಾತ್ರ ನಿಮ್ಮ ಭಾಗವೇ ಕರಗುತ್ತ ಹೋಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮೊದಲು ಎರಡು ಸಲ ನೋಡಿ.

ಎಚ್ಚರಿಕೆಗಳು ಇಲ್ಲಿ ನಿಜವಾಗಿಯೂ ಮುಖ್ಯ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿಗೆ ಕ್ಯಾನ್ಸರ್‌ಕಾರಕ ಕ್ರೋಮಿಯಂ ಬಿಡುತ್ತದೆ. ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಗಾಳಿ ಬರುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಬೆಂಕಿ ಹಿಡಿಯುವ ಗಾಳಿ. ಆದ್ದರಿಂದ ಅಂಗಳದಲ್ಲಿ ಮಾಡಿ, ಒಳಕೋಣೆಯಲ್ಲಿ ಬೇಡ, ಹತ್ತಿರ ಬೀಡಿ ಸೇದುವುದೂ ಬೇಡ. ಕ್ಲಿಪ್ ಮುಟ್ಟುವ ಮೊದಲು ಸ್ವಿಚ್ ಆರಿಸಿ. ಅಲ್ಯುಮಿನಿಯಂ ಪುಲ್ಲಿ, ಸ್ಪ್ರಿಂಗ್, ಬೇರಿಂಗ್ ಇವನ್ನು ತೊಟ್ಟಿಗೆ ಹಾಕಬೇಡಿ. ಹೊಸ ನಮೂನೆಯ ಸ್ವಯಂಚಾಲಿತ ಚಾರ್ಜರ್ ಬ್ಯಾಟರಿ ಕಾಣದಿದ್ದರೆ ಕರೆಂಟು ಬಿಡುವುದಿಲ್ಲ, ಹಳೆ ಮಾದರಿಯದೇ ಬೇಕು.

ಕರೆಂಟಿನ ಕೆಲಸ ಬೇಡ ಅನ್ನುವವರಿಗೆ ಕಾಕಂಬಿ ಇದೆ. ಕಬ್ಬಿನ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು. ಒಂದೆರಡು ವಾರ ನೆನೆಯಬೇಕು. ವಾಸನೆ ಬಲವಾಗಿರುತ್ತದೆ, ಮನೆಯಿಂದ ದೂರ ಇಡಿ. ಶೌಚಾಲಯದ ಆ್ಯಸಿಡ್ ಮಾತ್ರ ಬೇಡ. ತುಕ್ಕು ಅರ್ಧ ಗಂಟೆಯಲ್ಲಿ ಹೋಗುತ್ತದೆ, ಆದರೆ ಅದರ ಆವಿ ಶೆಡ್ಡಿನಲ್ಲಿರುವ ಉಳಿದ ಉಪಕರಣಗಳಿಗೆಲ್ಲ ತುಕ್ಕು ಹಿಡಿಸುತ್ತದೆ.

ಯಾವ ದಾರಿಯಾದರೂ, ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಬರಿಗಬ್ಬಿಣ ಒಂದು ರಾತ್ರಿ ತಡೆಯುವುದಿಲ್ಲ. ಸಾಧ್ಯವಿದ್ದರೆ ತುಕ್ಕು ಮತ್ತು ಬಣ್ಣದ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳಿ.

5. ಸ್ಪಿಂಡಲ್ ಮತ್ತು ಬೇರಿಂಗ್

ಇಲ್ಲಿ ಅವಸರ ಮಾಡಬೇಡಿ. ಕ್ವಿಲ್ ಹೊರಗೆ ತೆಗೆದು, ಮೇಲಿನ ಲಾಕ್ ನಟ್ ಬಿಚ್ಚಿ, ಸ್ಪಿಂಡಲ್ಲನ್ನು ಮೆತ್ತನೆಯ ಹಿತ್ತಾಳೆ ಅಥವಾ ಕಟ್ಟಿಗೆ ತುಂಡಿನಿಂದ ತಟ್ಟಿ ಹೊರಡಿಸಿ. ಸ್ಪಿಂಡಲ್ ತುದಿಗೆ ನೇರವಾಗಿ ಸುತ್ತಿಗೆ ಬಿದ್ದರೆ ತುದಿ ಅರಳಿ ಬೇರಿಂಗ್ ಇಳಿಯುವುದೇ ಇಲ್ಲ.

ಹೆಚ್ಚಿನ ಮಷಿನ್ನುಗಳಲ್ಲಿ ಸಾಮಾನ್ಯ ಬಾಲ್ ಬೇರಿಂಗ್‌ಗಳೇ ಇರುತ್ತವೆ. ಕೆಳಗೆ ಒತ್ತಡ ತಡೆಯಲು ಥ್ರಸ್ಟ್ ಬೇರಿಂಗ್ ಇರಬಹುದು. ಬೇರಿಂಗ್ ಮೈಮೇಲೆ ನಂಬರ್ ಕೆತ್ತಿರುತ್ತಾರೆ. 6204 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: ಒಳವ್ಯಾಸ 20 ಮಿ.ಮೀ. 6205 ಆದರೆ 25. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ. 6203ರ ಒಳವ್ಯಾಸ 17. ನಂಬರ್ ಅಳಿಸಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಅಂಗಡಿಗೆ ಹೋದರೆ ಹುಡುಕಿ ಕೊಡುತ್ತಾರೆ. ಎರಡು ಬದಿಯೂ ರಬ್ಬರ್ ಮುಚ್ಚಳ ಇರುವ ಬೇರಿಂಗ್ ಕೇಳಿ, ಪುಡಿ ಒಳಗೆ ಹೋಗುವುದಿಲ್ಲ. ಹೆಸರಾದ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲು ಬರುವುದು ಇದ್ದದ್ದೇ. ಬಿಲ್ ಕೊಡುವ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ.

ಹಾಕುವಾಗ ಒಂದು ನಿಯಮ ನೆನಪಿಡಿ: ಯಾವ ಬಳೆ ಬಿಗಿಯಾಗಿ ಕೂರಬೇಕೋ ಅದರ ಮೇಲೆ ಮಾತ್ರ ಒತ್ತಡ ಬೀಳಬೇಕು. ಸ್ಪಿಂಡಲ್ ಮೇಲೆ ಕೂರಿಸುವಾಗ ಒಳಬಳೆಯ ಅಳತೆಯ ಪೈಪ್ ತುಂಡು ಇಟ್ಟು ಒತ್ತಿ. ಹೊರಬಳೆ ಹೊಡೆದರೆ ಗುಂಡುಗಳು ತಾವು ಓಡುವ ದಾರಿಯನ್ನು ಒತ್ತಿ ಗುಳಿ ಮಾಡುತ್ತವೆ. ಹೊಸ ಬೇರಿಂಗ್ ಆಗಲೇ ಕೆಟ್ಟಿತು, ಮಷಿನ್ ಓಡಿಸಿದಾಗ ಗರಗರ ಸದ್ದು. ಬಿಗಿಯಾದರೆ ಸ್ಪಿಂಡಲ್ಲನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೆಲವು ಗಂಟೆ ಫ್ರೀಜರ್‌ನಲ್ಲಿಡಿ, ಸ್ವಲ್ಪ ಕುಗ್ಗುತ್ತದೆ. ಬೇರಿಂಗನ್ನು ಬಲ್ಬಿನ ಕೆಳಗೆ ಬೆಚ್ಚಗೆ ಮಾಡಿ. ರಬ್ಬರ್ ಮುಚ್ಚಳದ ಬೇರಿಂಗನ್ನು ಕಾದ ಎಣ್ಣೆಯಲ್ಲಿ ಮುಳುಗಿಸಬೇಡಿ.

ಈಗ ಸ್ಪಿಂಡಲ್ಲಿನ ಒಳಗಿನ ಇಳಿಜಾರು ರಂಧ್ರ, ಅಂದರೆ ಟೇಪರ್. ಚಕ್ಕಿನ ದಂಡ ಇದರೊಳಗೆ ಬರೀ ಬಿಗಿತದಿಂದಲೇ ನಿಲ್ಲುತ್ತದೆ. ಯಾವ ಟೇಪರ್ ಎಂದು ತಿಳಿಯಲು ಬಾಯಿಯ ಅಗಲ ಅಳೆಯಿರಿ: ಸುಮಾರು 12 ಮಿ.ಮೀ. ಇದ್ದರೆ ಎಂಟಿ-1 (ಎಂಟಿ ಎಂದರೆ ಮೋರ್ಸ್ ಟೇಪರ್), 17.8 ಇದ್ದರೆ ಎಂಟಿ-2, 23.8 ಇದ್ದರೆ ಎಂಟಿ-3. ಒಳಗೆ ಬೆರಳಾಡಿಸಿ, ಉಬ್ಬು, ಗೀರು ಹತ್ತಿದರೆ ಹಿಂದೆ ಚಕ್ ಒಳಗೇ ತಿರುಗಿದೆ ಎಂದರ್ಥ. ಅದೇ ಅಳತೆಯ ಟೇಪರ್ ರೀಮರ್, ಅಂದರೆ ರಂಧ್ರದ ಒಳಮೈ ಹೆರೆಯುವ ಉಪಕರಣ, ತಂದು ಎಣ್ಣೆ ಹಾಕಿ ಕೈಯಿಂದಲೇ, ಮೆಲ್ಲಗೆ, ಒಂದೆರಡು ಸುತ್ತು ತಿರುವಿ ಉಬ್ಬು ಮಾತ್ರ ತೆಗೆಯಿರಿ. ಮಷಿನ್ ಓಡಿಸಿ ರೀಮರ್ ಹಾಕಿದರೆ ಟೇಪರೇ ಹೋಗುತ್ತದೆ. ನಿಮ್ಮಲ್ಲಿ ರೀಮರ್ ಇಲ್ಲದಿದ್ದರೆ ಅನುಭವಿ ಟರ್ನರ್ ಒಬ್ಬರ ಬಳಿ ಒಯ್ಯಿರಿ. 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್‌ಗಳಿಗೆ ಹೆಸರಾಗಿತ್ತು. ಹರಿಹರದಿಂದ ತುಂಗಭದ್ರೆ ದಾಟಿದರೆ ಈಚೆ ಬದಿಗೆ ರಾಣೆಬೆನ್ನೂರು. ಆ ಭಾಗದಲ್ಲೂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಸುತ್ತಲೂ ಕೈ ಪಳಗಿದ ಹಿರಿಯರು ಇದ್ದಾರೆ. ಅವರ ಅರ್ಧ ಗಂಟೆಗೆ ಕೊಡುವ ಕೂಲಿ ದಂಡವಾಗುವುದಿಲ್ಲ.

ಜೋಡಿಸಿದ ಮೇಲೆ ಅಳತೆ. ಟೇಬಲ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್, ಅದರಲ್ಲಿ ಡಯಲ್ ಗೇಜ್. ಸೂಜಿಯನ್ನು ಟೇಪರಿನ ಒಳಮೈಗೆ ತಾಗಿಸಿ ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಿ. ಮುಳ್ಳಿನ ಪೂರ್ತಿ ಓಟ 0.02 ಮಿ.ಮೀ. ಒಳಗಿದ್ದರೆ ಬಹಳ ಚೆನ್ನಾಗಿದೆ, 0.05 ಆದರೆ ಸಾಮಾನ್ಯ ಕೆಲಸಕ್ಕೆ ನಡೆಯುತ್ತದೆ. ಆಮೇಲೆ ಚಕ್ ಹಾಕಿ, ಅದರಲ್ಲಿ ನೆಟ್ಟಗಿರುವ ಗ್ರೈಂಡ್ ಮಾಡಿದ ಸರಳು ಹಿಡಿಸಿ ಮತ್ತೆ ನೋಡಿ. ಟೇಪರಿನಲ್ಲಿ ಸರಿಯಿದ್ದು ಇಲ್ಲಿ ಔಟ್ ಹೆಚ್ಚಾದರೆ ತಪ್ಪು ಚಕ್ಕಿನದು. ಹೊಸ ಚಕ್ ಹಾಕಿ. ಎರಡೂ ಅಂಕಿಯನ್ನು ಬರೆದಿಡಿ, ಸರಳು ತಿರುಗುವುದನ್ನು ಡಯಲ್ ಸಮೇತ ವಿಡಿಯೋ ಮಾಡಿ. ಮಾರುವಾಗ ಇದಕ್ಕಿಂತ ಗಟ್ಟಿ ಮಾತು ನಿಮ್ಮ ಬಳಿ ಇರುವುದಿಲ್ಲ.

6. ಮೋಟಾರ್, ವೈರಿಂಗ್

ಕರೆಂಟಿನ ಕೆಲಸ ಗೊತ್ತಿಲ್ಲದಿದ್ದರೆ ಈ ಹಂತವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಆದರೂ ಏನು ಕೇಳಬೇಕೆಂದು ತಿಳಿದಿರಿ.

ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಶಾಕ್ ಕೊಡಬಹುದು. ಬಲ್ಬಿನ ಮೂಲಕ ಖಾಲಿ ಮಾಡಿಸಿ ಮುಟ್ಟಿ. ಬಹುಕಾಲ ನಿಂತ ಮೋಟಾರನ್ನು ನೇರ ಓಡಿಸಬೇಡಿ. 500 ವೋಲ್ಟ್ ಮೆಗ್ಗರ್‌ನಲ್ಲಿ, ಅಂದರೆ ಇನ್ಸುಲೇಶನ್ ಅಳೆಯುವ ಮೀಟರಿನಲ್ಲಿ, ವೈಂಡಿಂಗ್ ಮತ್ತು ಮೈಯ ನಡುವೆ ನೋಡಿಸಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಕರೆಂಟು ಕೊಡುವಂತಿಲ್ಲ. ಆಗ ಕೂಡಲೇ ರಿವೈಂಡಿಂಗ್‌ಗೆ ಒಯ್ಯಬೇಡಿ. ಎಷ್ಟೋ ಸಲ ಬರೀ ತೇವ ಸೇರಿರುತ್ತದೆ. ಮುಚ್ಚಳ ಬಿಚ್ಚಿ ಒಂದೆರಡು ದಿನ ಬಿಸಿಲಿಗಿಟ್ಟು ಮತ್ತೆ ಅಳೆಸಿ. ರಿವೈಂಡಿಂಗ್ ಬೇಕೇ ಬೇಕಾದರೆ ತಾಮ್ರದ ತಂತಿಯೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ತ್ರೀ ಫೇಸ್ ಮೋಟಾರ್ ಇದ್ದರೆ ಗಿರಾಕಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಯಾಕೆಂದರೆ ಸಣ್ಣ ಶೆಡ್‌ಗಳಿಗೆ ಹೆಸ್ಕಾಂನ ತ್ರೀ ಫೇಸ್ ಸಂಪರ್ಕ ಇರುವುದಿಲ್ಲ. ಸಿಂಗಲ್ ಫೇಸ್ ಮೋಟಾರ್ ಹಾಕುವುದು ಒಂದು ದಾರಿ. ಮೋಟಾರಿನ ಆರು ತುದಿಗಳೂ ಹೊರಗೆ ಬಂದಿದ್ದು, ಈಗ 415 ವೋಲ್ಟಿಗೆ ಸ್ಟಾರ್ ಜೋಡಣೆ ಇದ್ದರೆ, ಅದನ್ನೇ ಡೆಲ್ಟಾ ಮಾಡಿ ಸಿಂಗಲ್ ಫೇಸ್‌ನಿಂದ ಓಡುವ ವಿಎಫ್‌ಡಿ ಹಾಕಬಹುದು. ವಿಎಫ್‌ಡಿ ಎಂದರೆ ಒಂದು ಫೇಸನ್ನು ಮೂರಾಗಿಸಿ ವೇಗವನ್ನೂ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ.

ಸ್ವಿಚ್ ವಿಷಯದಲ್ಲಿ ಉಳಿತಾಯ ಬೇಡ. ಬರೀ ಆನ್-ಆಫ್ ಸ್ವಿಚ್ ಹಾಕಿದ ಮಷಿನ್ ಕರೆಂಟು ಹೋಗಿ ಬಂದಾಗ ತಾನೇ ತಿರುಗತೊಡಗುತ್ತದೆ, ಆ ಹೊತ್ತಿಗೆ ಯಾರದೋ ಕೈ ಚಕ್ ಮೇಲಿರುತ್ತದೆ. ಕರೆಂಟು ಹೋದರೆ ಬಿಟ್ಟುಕೊಳ್ಳುವ, ಮತ್ತೆ ಹಸಿರು ಗುಂಡಿ ಒತ್ತಿದರೆ ಮಾತ್ರ ಓಡುವ ಸ್ಟಾರ್ಟರ್ ಹಾಕಿಸಿ. ಮೈಗೆ ಅರ್ಥಿಂಗ್ ಕಡ್ಡಾಯ.

7. ಬಣ್ಣ

ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲೇ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಬಂದದ್ದು 2017ರ ನವೆಂಬರ್‌ನಿಂದ. ಒಣಗಿದ್ದನ್ನು ಉಜ್ಜಿ ದೂಳೆಬ್ಬಿಸಬೇಡಿ. ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಆಮೇಲೆ ಥಿನ್ನರ್‌ನಲ್ಲಿ ಜಿಡ್ಡು ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಮಷಿನ್ ಗ್ರೇ ಎನಾಮೆಲ್ ಎರಡು ಕೈ. ಹೆಸರಿನ ಫಲಕಕ್ಕೆ ಬಣ್ಣ ತಾಗಬಾರದು, ಅದನ್ನು ಬಿಚ್ಚಿಟ್ಟು ಕೊನೆಗೆ ಹಾಕಿ. ಸೀಳು ಮುಚ್ಚಲು ಪುಟ್ಟಿ ಬಳಸಬೇಡಿ; ಮೇಲೆ ಹೇಳಿದ ಸೀಮೆಸುಣ್ಣದ ಪರೀಕ್ಷೆ ನಿಮ್ಮ ಗಿರಾಕಿಗೂ ಗೊತ್ತಿರಬಹುದು.

8. ಜೋಡಿಸಿ ಪರೀಕ್ಷಿಸುವುದು

ಬೆಲ್ಟ್ ಹೊಸದು ಹಾಕಿ. ಗಂಟು ಬಿದ್ದ ಹಳೆ ಬೆಲ್ಟ್ ಇಡೀ ಮಷಿನ್ನನ್ನು ನಡುಗಿಸುತ್ತದೆ, ಗಿರಾಕಿ ಅದನ್ನು ಬೇರಿಂಗ್ ದೋಷ ಎಂದುಕೊಳ್ಳುತ್ತಾನೆ. ಮೇಲ್ಮೈ 13 ಮಿ.ಮೀ. ಅಗಲದ್ದು ಎ ಸೆಕ್ಷನ್, 17 ಮಿ.ಮೀ.ದು ಬಿ. ಎ-40 ಎಂದರೆ ಒಳಸುತ್ತು 40 ಇಂಚು.

ಟೇಬಲ್ ಸ್ಪಿಂಡಲ್ಲಿಗೆ ನೇರ ಲಂಬವಾಗಿದೆಯೇ ನೋಡಲು, ದಪ್ಪ ತಂತಿಯನ್ನು ‘ಝಡ್’ ಆಕಾರಕ್ಕೆ ಬಗ್ಗಿಸಿ ಚಕ್ಕಿಗೆ ಹಿಡಿಸಿ, ತುದಿ ಟೇಬಲ್ಲಿಗೆ ಕಾಗದದಷ್ಟು ಅಂತರದಲ್ಲಿರಲಿ. ಕೈಯಿಂದ ತಿರುಗಿಸಿ ನಾಲ್ಕು ಕಡೆ ಅಂತರ ಹೋಲಿಸಿ. ಎಡ-ಬಲದ ವ್ಯತ್ಯಾಸವನ್ನು ಟೇಬಲ್ ಓರೆ ಬೋಲ್ಟಿನಿಂದ ಸರಿಮಾಡಬಹುದು. ಹಿಂದೆ-ಮುಂದೆ ವ್ಯತ್ಯಾಸವಿದ್ದು ಟೇಬಲ್ ಬೋಲ್ಟಿನಿಂದ ಕೂತ ಬೇರೆ ತುಂಡಾಗಿದ್ದರೆ ಆ ಜೋಡಣೆಯ ನಡುವೆ ತೆಳು ಹಿತ್ತಾಳೆ ಹಾಳೆ ಕೊಡಬೇಕು.

ವೇಗದ ಚೀಟಿಯೊಂದನ್ನು ಗಾರ್ಡಿನ ಒಳಗೆ ಅಂಟಿಸಿ. 1440 ಸುತ್ತಿನ ಮೋಟಾರಿನ ಪುಲ್ಲಿ 75 ಮಿ.ಮೀ., ಸ್ಪಿಂಡಲ್ ಪುಲ್ಲಿ 150 ಇದ್ದರೆ ಸ್ಪಿಂಡಲ್ ನಿಮಿಷಕ್ಕೆ 720 ಸುತ್ತು. ಹೈಸ್ಪೀಡ್ ಸ್ಟೀಲ್ ಡ್ರಿಲ್‌ನಿಂದ ಸಾದಾ ಕಬ್ಬಿಣ ಕೊರೆಯಲು ಸುಲಭ ಸೂತ್ರ: 8000ವನ್ನು ಡ್ರಿಲ್ಲಿನ ಮಿ.ಮೀ.ನಿಂದ ಭಾಗಿಸಿ. 10 ಮಿ.ಮೀ.ಗೆ 800, 20 ಮಿ.ಮೀ.ಗೆ 400. ಎಲ್ಲದಕ್ಕೂ ಒಂದೇ ವೇಗ ಇಟ್ಟು ಡ್ರಿಲ್ ಸುಟ್ಟುಕೊಳ್ಳುವವರು ಬಹಳ.

ಅರ್ಧ ಗಂಟೆ ಖಾಲಿ ಓಡಿಸಿ ಬೇರಿಂಗ್ ಮನೆ ಮುಟ್ಟಿ ನೋಡಿ. ಬೆಚ್ಚಗಾದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಲಾಕ್ ನಟ್ ಅತಿ ಬಿಗಿಯಾಗಿದೆ. ಆಮೇಲೆ ವೈಸ್‌ನಲ್ಲಿ ಗಟ್ಟಿಯಾಗಿ ಕಟ್ಟಿದ ಪಟ್ಟಿಯಲ್ಲಿ ಹತ್ತಾರು ತೂತು ಕೊರೆಯಿರಿ. ಬಿಚ್ಚುವಾಗ ಹಾಕಿದ ಕೈಗವಸು ಕೊರೆಯುವಾಗ ಬೇಡವೇ ಬೇಡ; ತಿರುಗುವ ಡ್ರಿಲ್ ಅದನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಸೆರಗು, ವೇಲು, ಸಡಿಲ ತೋಳು, ಬಿಟ್ಟ ಕೂದಲಿಗೂ ಇದೇ ಮಾತು.

9. ಬೆಲೆ ಕಟ್ಟುವುದು

ಎರಡು ಗೆರೆ ಹಾಕಿಕೊಳ್ಳಿ. ಕೆಳಗಿನ ಗೆರೆ, ಮಷಿನ್ನಿನ ತೂಕಕ್ಕೆ ಅಂದಿನ ಗುಜರಿ ದರ. ಮೇಲಿನ ಗೆರೆ, ಅದೇ ಸಾಮರ್ಥ್ಯದ ಹೊಸ ಮಷಿನ್ ನಿಮ್ಮ ಊರಿಗೆ ಬಂದು ಬೀಳುವ ಬೆಲೆ. ಹಳೆಯದು ಎಷ್ಟೇ ಚೆನ್ನಾಗಿದ್ದರೂ ಮೇಲಿನ ಗೆರೆಯ ಹತ್ತಿರ ಹೋದರೆ ಗಿರಾಕಿ ಹೊಸದನ್ನೇ ಕೊಳ್ಳುತ್ತಾನೆ.

ಲೆಕ್ಕ ತಿಳಿಯಲು ಕೆಲವು ಕಲ್ಪಿತ ದುಂಡು ಅಂಕಿ ಹಿಡಿಯೋಣ. ಕೊಂಡದ್ದು 6,000, ಸಾಗಣೆ 1,000, ಬೇರಿಂಗ್ ಬೆಲ್ಟ್ 1,500, ಮೋಟಾರ್ ಕೆಲಸ 2,000, ಚಕ್ 1,500, ಬಣ್ಣ ಇತ್ಯಾದಿ 1,000. ಒಟ್ಟು 13,000 ರೂಪಾಯಿ. ಹೊಸದು 25,000 ಇದ್ದರೆ 17-18 ಸಾವಿರಕ್ಕೆ ಮಾರಬಹುದು, ನಿಮ್ಮ ದುಡಿಮೆಗೆ ನಾಲ್ಕೈದು ಸಾವಿರ ಉಳಿಯುತ್ತದೆ. ಹೊಸದು 15,000 ಇದ್ದರೆ ಈ ಕೆಲಸಕ್ಕೆ ಕೈ ಹಾಕಲೇಬಾರದಿತ್ತು. ಆದ್ದರಿಂದ ಈ ಲೆಕ್ಕವನ್ನು ಗುಜರಿ ಅಂಗಡಿಯಲ್ಲಿ ನಿಂತಾಗಲೇ, ಕೊಳ್ಳುವ ಮೊದಲೇ ಮಾಡಿ. ಅರ್ಧ ಇಂಚಿನ ಸಣ್ಣ ಡ್ರಿಲ್‌ಗಳು ಹೊಸದೇ ಅಗ್ಗಕ್ಕೆ ಸಿಗುವುದರಿಂದ ಅಲ್ಲಿ ಉಳಿತಾಯ ತೆಳು. ಒಂದು ಇಂಚು ಕೊರೆಯುವ, ಎಂಟಿ-3 ಸ್ಪಿಂಡಲ್ಲಿನ ಭಾರದ ಮಷಿನ್ನುಗಳಲ್ಲೇ ಶ್ರಮಕ್ಕೆ ಬೆಲೆ ಹುಟ್ಟುವುದು.

10. ಮಾರುವುದು

ನಿಮ್ಮ ಗಿರಾಕಿ ಯಾರೆಂದು ಮೊದಲು ಯೋಚಿಸಿ: ಕೂರಿಗೆ, ರಂಟೆ, ಟ್ರಾಲಿ ಮಾಡುವ ಶೆಡ್‌ಗಳು, ಗ್ರಿಲ್ ಮತ್ತು ಶಟರ್ ಫ್ಯಾಬ್ರಿಕೇಶನ್‌ನವರು, ಗ್ಯಾರೇಜುಗಳು, ಐಟಿಐ ಮುಗಿಸಿ ಸ್ವಂತ ಕೆಲಸ ಶುರು ಮಾಡುವ ಹುಡುಗರು. ಗದಗ, ಲಕ್ಷ್ಮೇಶ್ವರ, ಹಾವೇರಿ, ರಾಣೆಬೆನ್ನೂರಿನ ಹಾರ್ಡ್‌ವೇರ್ ಮತ್ತು ವೆಲ್ಡಿಂಗ್ ರಾಡ್ ಅಂಗಡಿಗಳಲ್ಲಿ ಒಂದು ಮಾತು ಹೇಳಿಡಿ. ಯಾರಿಗೆ ಏನು ಬೇಕೆಂದು ಅಂಗಡಿಯವರಿಗೆ ಗೊತ್ತಿರುತ್ತದೆ. ಖಂಡೆ ಪೂಜೆಗೆ ಹೊಸ ಯಂತ್ರ ತರುವ ರೂಢಿ ಇರುವುದರಿಂದ ಮಹಾನವಮಿಗೆ ಕೆಲವು ವಾರ ಮೊದಲು ಮಷಿನ್ ಸಿದ್ಧವಿದ್ದರೆ ಅನುಕೂಲ.

ಆನ್‌ಲೈನ್ ಜಾಹೀರಾತಿನಲ್ಲಿ ‘ಹಳೆ ಡ್ರಿಲ್ ಮಾರಾಟಕ್ಕಿದೆ’ ಎಂದಷ್ಟೇ ಬರೆಯಬೇಡಿ. ಎಷ್ಟು ಇಂಚು ಕೊರೆಯುತ್ತದೆ, ಟೇಪರ್ ಯಾವುದು, ಕ್ವಿಲ್ ಎಷ್ಟು ಇಳಿಯುತ್ತದೆ, ಪಿಲ್ಲರಿನಿಂದ ಸ್ಪಿಂಡಲ್ ನಡುವಿಗೆ ಎಷ್ಟು ದೂರ, ಮೋಟಾರ್ ಎಷ್ಟು ಎಚ್‌ಪಿ ಮತ್ತು ಯಾವ ಫೇಸ್, ಏನೇನು ಹೊಸದು ಹಾಕಿದ್ದೀರಿ, ಔಟ್ ಎಷ್ಟು, ಇಷ್ಟೂ ಇರಲಿ. ಟೇಬಲ್ಲಿನ ತೂತುಗಳ ಫೋಟೋ ಕೂಡ ಹಾಕಿ. ದೋಷವನ್ನು ಮೊದಲೇ ತೋರಿಸಿದರೆ ಐವತ್ತು ಕಿಲೋಮೀಟರ್ ದೂರದಿಂದ ಬಂದವರು ಅದೇ ಕಾರಣಕ್ಕೆ ಚೌಕಾಸಿಗೆ ನಿಲ್ಲುವುದಿಲ್ಲ.

ದುಡ್ಡಿನ ಬಗ್ಗೆ ಎಚ್ಚರ. ಮಷಿನ್ ನೋಡದೆಯೇ ಒಪ್ಪಿ, ‘ಸೇನೆಯಲ್ಲಿದ್ದೇನೆ, ನನ್ನ ಜನ ಬಂದು ಒಯ್ಯುತ್ತಾರೆ, ಅಡ್ವಾನ್ಸ್ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನುವವರು ಮೋಸಗಾರರು. ದುಡ್ಡು ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ದುಡ್ಡು ಬಂದದ್ದನ್ನು ಅವರ ಮೊಬೈಲಿನ ಚಿತ್ರದಲ್ಲಿ ನೋಡಬೇಡಿ, ನಿಮ್ಮ ಖಾತೆಯಲ್ಲಿ ನೋಡಿ. ಆಮೇಲೆಯೇ ಮಷಿನ್ ಗಾಡಿಗೇರಲಿ.

ಗಿರಾಕಿ ಬಂದಾಗ ಪ್ಲಗ್ ಹಾಕಿ ಓಡಿಸಿ ತೋರಿಸಿ, ಅವರ ಕೈಯಿಂದಲೇ ಒಂದು ತೂತು ಕೊರೆಸಿ. ಕೊಡುವಾಗ ಎರಡು ಪ್ರತಿ ಚೀಟಿ ಬರೆಯಿರಿ: ಇಬ್ಬರ ಹೆಸರು, ತಾರೀಖು, ಮಷಿನ್ ನಂಬರ್, ಮೊತ್ತ, ಬದಲಾಯಿಸಿದ ಬೇರಿಂಗ್ ಮತ್ತು ಬೆಲ್ಟ್ ನಂಬರ್. ಡ್ರಿಫ್ಟ್ ಮತ್ತು ಚಕ್ ಚಾವಿಯನ್ನು ಮಷಿನ್ ಜೊತೆಗೇ ಕೊಡಿ, ಅವಿಲ್ಲದೆ ಅವರ ಮೊದಲ ದಿನದ ಕೆಲಸ ನಿಲ್ಲುತ್ತದೆ. ಬೇಸನ್ನು ಕಾಂಕ್ರೀಟ್ ನೆಲಕ್ಕೆ ಆ್ಯಂಕರ್ ಬೋಲ್ಟ್ ಹಾಕಿ ಬಿಗಿಯದೆ ಓಡಿಸಬಾರದೆಂದು ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆಯಿರಿ. ಹೊಸ ಬೆಲ್ಟ್ ಕೆಲವು ದಿನ ಓಡಿದ ಮೇಲೆ ಹಿಗ್ಗುತ್ತದೆ, ಆಗ ಮೋಟಾರನ್ನು ಸ್ವಲ್ಪ ಹಿಂದೆ ಸರಿಸಿ ಮತ್ತೆ ಬಿಗಿ ಮಾಡಿಕೊಳ್ಳಬೇಕು ಎಂಬುದನ್ನೂ ಅದೇ ಚೀಟಿಗೆ ಸೇರಿಸಿ.